ಕೊಬ್ಬರಿ ಎಣ್ಣೆ ಹಚ್ಚಿದ ಪಿಸ್ತೂಲು

ಇವತ್ತು ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿಟ್ಟುಕೊಂಡು ಕೂತಿದ್ದೆ. ಸ್ಯಾನ್ ಹೊಸೆಯ ಚಳಿಗೆ ಅದು ಮೇಣದ ಹಾಗೆ ಗಟ್ಟಿಯಾಗಿಬಿಡುತ್ತದೆ. ಇಷ್ಟು ವರ್ಷ ಇಲ್ಲಿದ್ದರೂ ನನ್ನ ತಲೆಗೆ ಬೇರೆ ಎಣ್ಣೆ ಒಗ್ಗಲಿಲ್ಲ. ಹಚ್ಚಿಕೊಳ್ಳುವುದಕ್ಕೆ ಕೂದಲೇ ಉಳಿದಿಲ್ಲ ಎನ್ನುವುದು ಬೇರೆ ಮಾತು. ಎಣ್ಣೆ ಅಂಚಿನಿಂದ ಕರಗಿ ಪರಿಮಳ ಬಿಡುವ ಹೊತ್ತಿಗೆ ಫೋನು ಬಂತು. ಮಾಡಿದವಳು ಅನಘಾ, ನನ್ನ ಹಳೆಯ ಸ್ನೇಹಿತ ಶೇಷಾದ್ರಿಯ ಮಗಳು. ಮೂವತ್ತು ದಾಟಿದ್ದಾಳೆ, ಲಿವರ್‌ಮೋರ್‌ನಲ್ಲಿ ಸಣ್ಣದೊಂದು ಮನೆ ಮಾಡಿಕೊಂಡು ಒಬ್ಬಳೇ ಇದ್ದಾಳೆ.

"ಅಂಕಲ್, ನಿಮಗೆ ಗನ್ಸ್ ಬಗ್ಗೆ ಗೊತ್ತಲ್ವಾ? ಐ ವಾಂಟ್ ಟು ಲರ್ನ್. ಫಸ್ಟ್ ಟೈಮ್ ತಗೊಳ್ಳೋರಿಗೆ ತುಂಬಾ ಕಾಸ್ಟ್ಲಿ ಅಲ್ದೇ ಇರೋದು ಯಾವುದು ಗುಡ್? ಅಪ್ಪನ್ನ ಕೇಳಿದ್ರೆ, ಬಂದೂಕು ರಾಯರನ್ನ ಕೇಳು ಅಂದ್ರು."

ಬಂದೂಕು ರಾಯರು ಎಂದರೆ ನಾನೇ. ಶೇಷಾದ್ರಿ ಇಟ್ಟ ಹೆಸರು. ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು, ಶನಿವಾರದ ಇಸ್ಪೀಟಿಗೆ ಹೋದಾಗಲೆಲ್ಲ ಅವನು ಬಾಗಿಲಲ್ಲೇ ಹಾಗೆ ಕೂಗುತ್ತಾನೆ, ನಾನು ಹಲ್ಲು ಕಿರಿಯುತ್ತೇನೆ. "ಮಧ್ಯಾಹ್ನ ನಾನೇ ಬರ್ತೀನಿ ಕಣಮ್ಮ" ಎಂದು ಫೋನಿಟ್ಟೆ. ನನ್ನ ಮೇಜಿನ ಖಾನೆಯ ಹಿಂಬದಿಯಲ್ಲಿ ಮುಚ್ಚಳವಿರುವ ಹಳೆಯ ಕುಂಕುಮದ ಭರಣಿಯೊಂದಿದೆ. ಅದರೊಳಗೆ ಸಿಡಿಯದೆ ಉಳಿದ ಒಂದು ತೋಟಾ ಇದೆ. ಅದನ್ನು ತೆಗೆದು ಜೇಬಿಗೆ ಹಾಕಿಕೊಂಡೆ.

ಆ ತೋಟಾದ ಕತೆ ಹೇಳಬೇಕಾದರೆ ನಾನು ಎಂಥ ಮೂರ್ಖನಾಗಿದ್ದೆ ಎಂಬುದರಿಂದ ಶುರುಮಾಡಬೇಕು. ಅದು ಡಾಟ್‌ಕಾಂ ಕಾಲ. ಬುದ್ಧಿವಂತ ಎಂಬ ಬಿರುದು ನಮ್ಮಂಥವರಿಗೆ ಬಹಳ ಸುಲಭವಾಗಿ ಸಿಗುತ್ತಿತ್ತು. ಮನೆಮನೆಗೆ ಹೂವಿನ ಕುಂಡ ತಲುಪಿಸುತ್ತೇವೆಂದು ವೆಬ್‌ಸೈಟು ಕಟ್ಟುವ ಕಂಪನಿಯಲ್ಲಿ ಶೇಷಾದ್ರಿಗೂ ನನಗೂ ಕೆಲಸ. ಒಂದು ಕುಂಡವೂ ಸರಿಯಾಗಿ ಯಾರ ಮನೆಗೂ ತಲುಪುತ್ತಿರಲಿಲ್ಲ, ಆದರೂ ನಮ್ಮ ಷೇರು ಏರುತ್ತಿತ್ತು, ಏರಿದ್ದು ನಮ್ಮಿಂದಲೇ ಎಂದು ನಾವು ನಂಬಿದ್ದೆವು. ಲಂಚ್ ಟೇಬಲ್ಲಿನಲ್ಲಿ ಕೂತು ಜಗತ್ತಿನ ಯಾವ ವಿಷಯದ ಬಗ್ಗೆಯೂ ನಾವು ತೀರ್ಪು ಕೊಡಬಲ್ಲವರಾಗಿದ್ದೆವು. ಅಂಥ ಕಂಪನಿ ಒಂದು ದಿನ ನಮ್ಮಲ್ಲಿ ಒಗ್ಗಟ್ಟು ಬೆಳೆಸಲೆಂದು ಎಲ್ಲರನ್ನೂ ಹೇವರ್ಡ್‌ನ ಗೋದಾಮುಗಳ ನಡುವೆ ಇದ್ದ ಒಂದು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಯಿತು.

ಅಲ್ಲಿ ನನ್ನ ಕೈಗೆ ಕೊಟ್ಟದ್ದು ಬಾಡಿಗೆಯ ದೊಡ್ಡ, ತೂಕದ ಪಿಸ್ತೂಲು. ಹಾಕಿದ್ದು ಅತಿ ಸಣ್ಣ ಗುಂಡು. ಕಲಿಯುವವರಿಗೆಂದೇ ಇಟ್ಟದ್ದು, ಕೈಗೆ ಪೆಟ್ಟೇ ಗೊತ್ತಾಗುವುದಿಲ್ಲ. ಕಾಗದದ ಮನುಷ್ಯನ ಎದೆಗೆ ನನ್ನ ಐದು ಗುಂಡು ಬಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೈಸ್ಕೂಲಿನಲ್ಲಿ ಗೋಲಿ ಆಟಕ್ಕೂ ನನ್ನನ್ನು ಸೇರಿಸಿಕೊಳ್ಳುತ್ತಿರಲಿಲ್ಲ ನೋಡಿ, ಆ ಚಪ್ಪಾಳೆ ತಲೆಗೇರಿತು. ಅದೇ ಹೊತ್ತಿಗೆ ಗ್ರೀನ್ ಕಾರ್ಡು ಬಂತು. ಬೇರೆಯವರು ಗ್ರೀನ್ ಕಾರ್ಡು ಬಂದರೆ ಮನೆ ನೋಡುತ್ತಾರೆ, ಊರಿಗೆ ಹೋಗಿ ಬರುತ್ತಾರೆ. ನಾನು ಪಿಸ್ತೂಲು ಕೊಳ್ಳಲು ಹೊರಟೆ.

ಆ ರೇಂಜಿನ ಕೌಂಟರಿನಲ್ಲಿ ಲೋಯಿಸ್ ಎಂಬ ಮುದುಕಿ ಇರುತ್ತಿದ್ದಳು. ಬಿಳಿ ಕೂದಲು, ಕೊರಳಿಗೆ ದಾರ ಕಟ್ಟಿದ ಕನ್ನಡಕ. ಲೈಬ್ರರಿಯಲ್ಲಿ ಇರಬೇಕಾದವಳು ಹಾದಿ ತಪ್ಪಿ ಬಂದಂತೆ ಕಾಣುತ್ತಿದ್ದಳು. ಮೊದಲ ಸಲಕ್ಕೆ ಅಗ್ಗದ್ದು ಯಾವುದು ಒಳ್ಳೆಯದು ಎಂದು ನಾನು ಕೇಳಿದಾಗ ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಅಗ್ಗ ಬೇಕಾದರೆ ಹಳೆಯದು ತಗೋ, ಹೊಸ ಕಳಪೆ ಬೇಡ. ಯಾರೋ ಬಳಸಿದ, ತೂಕದ ರಿವಾಲ್ವರ್ ತಗೋ. ಗುಂಡು ತುಂಬುವ ಉರುಳೆಯನ್ನ ಪಕ್ಕಕ್ಕೆ ತೆರೆದರೆ ಒಳಗೆ ಗುಂಡು ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತೆ. ಇಲ್ಲವೇ ನೀನು ಅವತ್ತು ಹೊಡೆದೆಯಲ್ಲ, ಅಂಥದ್ದೇ ಸಣ್ಣ ಗುಂಡಿನ ದೊಡ್ಡ ಪಿಸ್ತೂಲು. ಪುಟ್ಟದ್ದರ ತಂಟೆಗೆ ಹೋಗಬೇಡ. ಪುಟ್ಟದ್ದು ಪಳಗಿದವರಿಗೆ."

ಎಷ್ಟು ಸರಳವಾದ ಮಾತು! ಆದರೆ ಹಳೆಯದು ಎಂದ ಕೂಡಲೇ ನಾನು ಮೂಗು ಮುರಿದೆ. ಹೊಸ ಷೇರು, ಹೊಸ ಕಾರು, ಹೊಸ ಗ್ರೀನ್ ಕಾರ್ಡು ಇರುವವನಿಗೆ ಯಾರೋ ಬಳಸಿಬಿಟ್ಟ ರಿವಾಲ್ವರೇ? ಅದೂ ಹೇಳುತ್ತಿರುವವಳು ಒಬ್ಬ ಅಜ್ಜಿ. ನಾನು ತಲೆದೂಗಿ ಬಂದೆ. ಬಂದವನು ಶೇಷಾದ್ರಿಯನ್ನು ಹಿಡಿದೆ.

ಶೇಷಾದ್ರಿ ಜನ್ಮದಲ್ಲಿ ಪಿಸ್ತೂಲು ಮುಟ್ಟಿದವನಲ್ಲ. ರೇಂಜಿನಲ್ಲೂ ಕಿವಿ ಮುಚ್ಚಿಕೊಂಡು ಹೊರಗೆ ಕೂತಿದ್ದ. ಅದರಿಂದ ಅವನ ಪಾಂಡಿತ್ಯಕ್ಕೇನೂ ಕುಂದಾಗಲಿಲ್ಲ. ಮಿಕ್ಸಿಯಿಂದ ಮಿನಿವ್ಯಾನಿನವರೆಗೆ ನಮ್ಮ ಬಳಗದಲ್ಲಿ ಯಾರು ಏನು ಕೊಂಡರೂ ಅವನ ಸ್ಪ್ರೆಡ್‌ಶೀಟಿನ ಮೂಲಕವೇ ಹೋಗಬೇಕು. ಎರಡು ದಿನ ಆಫೀಸಿನ ಕೆಲಸ ಬಿಟ್ಟು, ಇಂಟರ್ನೆಟ್ಟಿನಲ್ಲಿ ಹೆಸರಿಲ್ಲದ ಶೂರರು ಬರೆದದ್ದನ್ನೆಲ್ಲ ಗುಡ್ಡೆಹಾಕಿ ಹನ್ನೊಂದು ಪಿಸ್ತೂಲುಗಳ ಪಟ್ಟಿ ಮಾಡಿದ. ಬೆಲೆಗೊಂದು ಕಾಲಂ, ತೂಕಕ್ಕೊಂದು, ವಾರಂಟಿಗೊಂದು, ಬಣ್ಣಕ್ಕೂ ಒಂದು. ಇದನ್ನು ಕೊಳ್ಳುವವನಿಗೆ ಬಳಸಲು ಬರುತ್ತದೆಯೇ ಎಂಬ ಕಾಲಂ ಮಾತ್ರ ಇರಲಿಲ್ಲ.

"ಲೋ, ಇದು ನೋಡು. ಎಲ್ಲಕ್ಕಿಂತ ಚೀಪು, ಎಲ್ಲಕ್ಕಿಂತ ಲೈಟು. ಬಿಗಿನರ್‌ಗೆ ಹೇಳಿ ಮಾಡಿಸಿದ ಹಾಗಿದೆ" ಎಂದ.

"ಆ ಅಜ್ಜಿ ಚಿಕ್ಕದು ಬೇಡ ಅಂದ್ಲಲ್ಲೋ?"

"ಅವಳಿಗೇನು ಗೊತ್ತೋ ಮಾರಾಯ, ಡೇಟಾ ಇಲ್ಲಿದೆ!"

ಕೊಳ್ಳುವ ಮುಂಚೆ ಒಂದು ಲಿಖಿತ ಪರೀಕ್ಷೆ ಇತ್ತು. ಪರೀಕ್ಷೆ ಎಂದರೆ ನಮ್ಮವರಿಗೆ ಬಿಡಿ, ಹಬ್ಬ. ನಾನು ಪುಸ್ತಕ ತಂದು ಬಾಯಿಪಾಠ ಮಾಡಿದೆ. ಪ್ರತಿಯೊಂದು ಬಂದೂಕಿನಲ್ಲೂ ಗುಂಡು ಇದೆಯೆಂದೇ ತಿಳಿದು ನಡೆದುಕೊಳ್ಳಬೇಕು ಎಂಬುದು ಅದರ ಮೊದಲ ನಿಯಮ. ಅದಕ್ಕೆ ಸರಿಯಾಗಿ ಗುರುತು ಹಾಕಿದೆ, ಎಲ್ಲದಕ್ಕೂ ಸರಿಯಾಗಿಯೇ ಹಾಕಿದೆ, ಒಂದೂ ತಪ್ಪಿಲ್ಲದೆ ಪಾಸಾದೆ. ಮನೆಗೆ ಬಂದು ಹೆಂಡತಿ ವಸುಧೆಗೆ ಅಂಕ ಹೇಳಿದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಾ, "ರ‍್ಯಾಂಕ್ ಬಂತಾ?" ಎಂದು ಕೇಳಿದಳು.

ಕಾಯಬೇಕಾದ ಹತ್ತು ದಿನ ಕಾದು ಪಿಸ್ತೂಲು ಮನೆಗೆ ತಂದೆ. ನನ್ನ ಅಂಗೈಯಷ್ಟೇ ಇತ್ತು. ಎಂಥ ದರಿದ್ರ ವಸ್ತು ಅದು! ಹೊಡೆದರೆ ಮಣಿಕಟ್ಟು ಜುಮ್ಮೆನ್ನುತ್ತಿತ್ತು, ಗುಂಡು ಎಲ್ಲಿ ಹೋಯಿತೆಂದು ದೇವರಿಗೇ ಗೊತ್ತು. ಗುಂಡು ಹಾರದಂತೆ ತಡೆಯುವ ಸೇಫ್ಟಿಯ ಗುಂಡಿ ಎಷ್ಟು ಸಡಿಲವೆಂದರೆ ಬೆರಳು ತಾಗಿದರೆ ಸರಿದುಬಿಡುತ್ತಿತ್ತು. ಮೇಲ್ಭಾಗದಲ್ಲಿ ಹಿಂದಕ್ಕೆ ಎಳೆಯುವ ಲೋಹದ ಕವಚವಿರುತ್ತದೆ, ಸ್ಲೈಡು ಎನ್ನುತ್ತಾರೆ. ಅದನ್ನು ಎಳೆದರೆ ಮಾತ್ರ ನಳಿಕೆಯ ಬುಡದಲ್ಲಿ ಗುಂಡು ಉಳಿದಿದೆಯೇ ಎಂದು ಕಾಣುವುದು. ಪುಟ್ಟ ಪಿಸ್ತೂಲಿನಲ್ಲಿ ಅದರ ಸ್ಪ್ರಿಂಗು ಬಲು ಬಿಗಿ. ಎರಡು ಸಲ ನನ್ನ ಬೆರಳಿನ ಚರ್ಮ ಕಿತ್ತು ಬಂತು. ಆಮೇಲೆ ನಾನು ಅದನ್ನು ಎಳೆಯುವ ಗೋಜಿಗೇ ಹೋಗುತ್ತಿರಲಿಲ್ಲ. ಹಿಡಿಯ ಕೆಳಗಿನಿಂದ ಗುಂಡಿನ ಮ್ಯಾಗಜಿನು ತೆಗೆದಿಟ್ಟರೆ ಖಾಲಿಯಾಯಿತು ಎಂದು ನನ್ನ ಲೆಕ್ಕ. ತಪ್ಪಿಲ್ಲದೆ ಪಾಸಾದವನ ಲೆಕ್ಕ.

ಅಷ್ಟರಲ್ಲಿ ಆಯುಧಪೂಜೆ ಬಂತು. ಇಲ್ಲಿ ಆಯುಧಪೂಜೆಗೆ ನಾವು ಏನಿಡುತ್ತೇವೆ ಹೇಳಿ? ಲ್ಯಾಪ್‌ಟಾಪು, ಕಾರಿನ ಕೀಲಿ, ಒಂದು ಸ್ಕ್ರೂಡ್ರೈವರು. ಆ ವರ್ಷ ಬೇ ಏರಿಯಾದ ಕನ್ನಡಿಗರಲ್ಲೆಲ್ಲ ನಿಜವಾದ ಆಯುಧ ಇಟ್ಟವನು ನಾನೊಬ್ಬನೇ ಎಂದು ನನಗೆ ಹೆಮ್ಮೆಯೋ ಹೆಮ್ಮೆ. ಹಿಂದಿನ ದಿನ ರೇಂಜಿಗೆ ಹೋಗಿ ಬಂದವನು ಅದನ್ನು ಹೊಳೆಯಿಸಲು ಕೂತೆ. ಬಂದೂಕಿನ ಎಣ್ಣೆ ಬೇರೆ ತರಬೇಕು, ಯಾರು ತರುತ್ತಾರೆ? ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಬಿಸಿನೀರಲ್ಲಿ ಕರಗಿಸಿ, ಸಂದುಗೊಂದಿಗೆಲ್ಲ ಧಾರಾಳವಾಗಿ ಬಿಟ್ಟೆ. ಊರಿನಲ್ಲಿ ಅಪ್ಪ ಹೊಲಿಗೆ ಯಂತ್ರಕ್ಕೆ ಬಿಡುತ್ತಿದ್ದರು, ಇದಕ್ಕೇನು ಮಹಾ.

ಮನೆಯಲ್ಲಿ ವಸುಧೆ ದಸರಾ ಗೊಂಬೆ ಕೂರಿಸಿದ್ದಳು. ಮೆಟ್ಟಿಲುಗಳ ಕೆಳಗೆ ಹರಿವಾಣದಲ್ಲಿ ಪಿಸ್ತೂಲನ್ನಿಟ್ಟು, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ ಮಂಗಳಾರತಿ ಮಾಡಿದೆ. ಮಧ್ಯಾಹ್ನ ಗೊಂಬೆ ನೋಡಲು ಮಕ್ಕಳನ್ನು ಕಟ್ಟಿಕೊಂಡು ಜನ ಬರುವವರಿದ್ದರು.

"ಮಕ್ಕಳು ಬರೋ ಮನೆ ರೀ. ಅದನ್ನ ಎತ್ತಿ ಒಳಗಿಟ್ಟು ಬೀಗ ಹಾಕಿ" ಎಂದಳು ವಸುಧೆ.

"ಪೂಜೆಗಿಟ್ಟಿದ್ದನ್ನ ನಾಳೆ ವಿಜಯದಶಮಿವರೆಗೂ ಕದಲಿಸಬಾರದು ಕಣೇ. ಶಾಸ್ತ್ರ ಅಂತ ಒಂದಿದೆ" ಎಂದೆ.

ಶಾಸ್ತ್ರ! ಸಂಧ್ಯಾವಂದನೆ ಬಿಟ್ಟು ಹದಿನೈದು ವರ್ಷವಾಗಿತ್ತು ನನಗೆ, ಹಿಂದಿನ ವಾರವಷ್ಟೇ ಪೆಪ್ಪರೋನಿ ಪಿಜ್ಜಾ ತಿಂದಿದ್ದೆ. ನಿಜ ಹೇಳಬೇಕೆಂದರೆ ಬಂದವರೆಲ್ಲ ಅದನ್ನು ನೋಡಲಿ ಎಂಬ ಚಪಲ. ನೋಡಿದರು ಕೂಡ. ಗಂಡಸರೆಲ್ಲ ಸುತ್ತ ನಿಂತರು, ಶೇಷಾದ್ರಿ ಸ್ಪ್ರೆಡ್‌ಶೀಟಿನ ಕತೆ ಹೇಳಿದ, ಬಂದೂಕು ರಾಯರು ಎಂಬ ನಾಮಕರಣ ಆದದ್ದೂ ಆಗಲೇ. ಕೋಸಂಬರಿ ತಿನ್ನಲು ಎಲ್ಲರೂ ಅಡುಗೆಮನೆಯ ಕಡೆ ಸರಿದೆವು. ಸ್ವಲ್ಪ ಹೊತ್ತಿಗೆ ಅನಘಾ ಬಂದಳು. ಆಗ ಐದು ವರ್ಷ. ಜರಿ ಲಂಗ, ಎರಡು ಜುಟ್ಟು. ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದಿದ್ದಳು. ಬೆರಳೆಲ್ಲ ಕುಂಕುಮ.

"ಅಂಕಲ್, ಯುವರ್ ಟಾಯ್ ಈಸ್ ಬ್ರೋಕನ್" ಎಂದಳು.

ಎಲ್ಲರೂ ಗೊಳ್ಳೆಂದು ನಕ್ಕರು, ನಾನೂ ನಕ್ಕೆ. ಪಿಸ್ತೂಲು ಇಸಿದುಕೊಂಡು ಮತ್ತೆ ಹರಿವಾಣದಲ್ಲೇ ಇಟ್ಟೆ. ವಸುಧೆ ಒಬ್ಬಳು ನಗಲಿಲ್ಲ. ಅದನ್ನು ಸೆರಗಿನಲ್ಲಿ ಸುತ್ತಿ ಒಯ್ದು ಸೂಟ್‌ಕೇಸಿನಲ್ಲಿಟ್ಟು ಬೀಗ ಹಾಕಿದಳು. ಶಾಸ್ತ್ರ ಕೆಡಿಸಿದಳೆಂದು ನಾನು ಅವಳ ಮೇಲೆ ಎರಡು ದಿನ ಮುನಿಸಿಕೊಂಡಿದ್ದೆ.

ಮುಂದಿನ ಶನಿವಾರ ರೇಂಜಿಗೆ ಹೋದೆ. ಏನೋ ಬಿಗಿಯಾಗಿದೆ, ನೋಡು ಎಂದು ಲೋಯಿಸ್ ಮುಂದಿಟ್ಟೆ. ಅವಳು ಮೊದಲು ಸ್ಲೈಡನ್ನು ಹಿಂದಕ್ಕೆಳೆದಳು. ಒಂದು ತೋಟಾ ಹಾರಿ ಕೌಂಟರಿನ ಗಾಜಿನ ಮೇಲೆ ಟಣ್ಣೆಂದು ಬಿತ್ತು. ಖಾಲಿ ಎಂದು ನಾನು ಪೂಜೆಗಿಟ್ಟದ್ದರೊಳಗಿಂದ. ಲೋಯಿಸ್ ಕನ್ನಡಕ ಏರಿಸಿಕೊಂಡು ಪಿಸ್ತೂಲಿನ ಒಳಗೆ ನೋಡಿದಳು. ಗುಂಡಿನ ಬೆನ್ನಿಗೆ ಬಡಿಯುವ ಮೊಳೆಯ ಸುತ್ತ ಬೆಳ್ಳಗೆ ಗಟ್ಟಿಯಾದ ಜಿಡ್ಡು ಮೆತ್ತಿಕೊಂಡಿತ್ತು.

"ಇದರೊಳಗೇನು ಕೇಕಿನ ಕ್ರೀಮು ತುಂಬಿದ್ದೀಯಾ?" ಎಂದಳು. ಆಮೇಲೆ ತೋಟಾ ಎತ್ತಿ ಅದರ ತಳವನ್ನು ನನ್ನ ಕಡೆ ತಿರುಗಿಸಿ ಹಿಡಿದಳು. ನಡುವೆ ಒಂದು ಸಣ್ಣ ಗುಳಿ, ಸೂಜಿಯ ಮೊನೆಯಿಂದ ಒತ್ತಿದಷ್ಟು. "ಟ್ರಿಗರನ್ನ ಯಾರೋ ಆಗಲೇ ಎಳೆದಿದ್ದಾರೆ. ಜಿಡ್ಡಿಗೆ ಮೊಳೆಯ ಪೆಟ್ಟು ಸಾಕಾಗಿಲ್ಲ, ಅಷ್ಟೇ. ಯಾರು?"

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಅವಳು ಬೈಯಲಿಲ್ಲ. ಪಿಸ್ತೂಲನ್ನು ನನ್ನ ಕೈಗೆ ವಾಪಸು ಕೊಡಲೂ ಇಲ್ಲ. ತಾನೇ ಜೊತೆಗೆ ಬಂದು ಪೊಲೀಸರಿಗೆ ಒಪ್ಪಿಸುವಂತೆ ಮಾಡಿದಳು. ತೋಟಾ ನನ್ನ ಜೇಬಿನಲ್ಲಿ ಉಳಿಯಿತು. ವಸುಧೆಗೆ ಹೇಳಲಿಲ್ಲ, ಶೇಷಾದ್ರಿಗೆ ಹೇಳಲಿಲ್ಲ. ಇವತ್ತು ಹೇಳೋಣ, ಮುಂದಿನ ಶನಿವಾರ ಹೇಳೋಣ ಎಂದುಕೊಂಡು ಕಾಲು ಶತಮಾನ ಇಸ್ಪೀಟು ಆಡಿದೆ. ಷೇರು ಬಿತ್ತು, ಕಂಪನಿ ಮುಚ್ಚಿತು, ಹೊಸ ಕೆಲಸ ಬಂತು. ಬಂದೂಕು ರಾಯರು ಎಂದು ಕರೆಸಿಕೊಂಡು ಹಲ್ಲು ಕಿರಿಯುವುದು ಮಾತ್ರ ನಿಲ್ಲಲಿಲ್ಲ. ಅಂಜುಬುರುಕತನವನ್ನು ನಾನು ಸಲೀಸಾಗಿ ಸ್ನೇಹವೆಂದು ಕರೆದುಕೊಂಡೆ.

ಮಧ್ಯಾಹ್ನ ಲಿವರ್‌ಮೋರ್‌ಗೆ ಹೋದೆ. ಅನಘಾ ಕಾಫಿ ಕೊಟ್ಟಳು, ಎದುರಿಗೆ ಲ್ಯಾಪ್‌ಟಾಪು ತೆರೆದಿಟ್ಟುಕೊಂಡಳು. ಇಣುಕಿದರೆ ಸ್ಪ್ರೆಡ್‌ಶೀಟು. ಅಪ್ಪನ ಮಗಳೇ! ಎಲ್ಲಕ್ಕಿಂತ ಮೇಲೆ ಎಲ್ಲಕ್ಕಿಂತ ಪುಟ್ಟದ್ದು, ಎಲ್ಲಕ್ಕಿಂತ ಅಗ್ಗದ್ದು. ನಾನು ತೋಟಾವನ್ನು ಮೇಜಿನ ಮೇಲಿಟ್ಟೆ. ಲೋಯಿಸ್ ಹೇಳಿದ್ದನ್ನು ಹೇಳಿದೆ, ನಾನು ಮಾಡಿದ್ದನ್ನು ಹೇಳಿದೆ, ಯಾವುದನ್ನೂ ಬಿಡಲಿಲ್ಲ. "ನೀನು ಎಳೆದಾಗ ಯಾರ ಕಡೆ ಹಿಡಿದಿದ್ದೆಯೋ ನಂಗೆ ಇವತ್ತಿಗೂ ಗೊತ್ತಿಲ್ಲ ಕಣಮ್ಮ" ಎಂದೆ.

ಅವಳು ತೋಟಾವನ್ನು ತಿರುಗಿಸಿ ತಳದ ಗುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಐ ರಿಮೆಂಬರ್, ಅಂಕಲ್. ಗೊಂಬೆ ಕಡೆ. ರಾಜಾ ರಾಣಿ ಗೊಂಬೆ. ಏನೂ ಆಗ್ಲಿಲ್ಲ. ಯಾಕೆ ವರ್ಕ್ ಆಗ್ತಿಲ್ಲ ಅಂತ ಆಮೇಲೆ ತೂತಲ್ಲಿ ಕಣ್ಣಿಟ್ಟು ನೋಡ್ದೆ. ನೋಡ್ತಾ ಇನ್ನೊಂದ್ಸಲ ಒತ್ತಿದೆ."

ಅವಳು ಲ್ಯಾಪ್‌ಟಾಪು ಮುಚ್ಚಿದಳು. ತೋಟಾವನ್ನು ನನ್ನ ಅಂಗೈಯಲ್ಲಿಟ್ಟು ನನ್ನ ಬೆರಳುಗಳನ್ನು ತಾನೇ ಮಡಿಸಿದಳು. "ಅಪ್ಪಂಗೆ ನಾನು ಹೇಳಲ್ಲ. ನೀವೇ ಹೇಳ್ಬೇಕು. ಇವತ್ತೇ."

ಫ್ರೀವೇಯಲ್ಲಿ ಎಲ್ಲಿಯೂ ನಿಲ್ಲಿಸದೆ ಶೇಷಾದ್ರಿಯ ಮನೆಗೆ ಬಂದೆ. ಗಂಟೆ ಒತ್ತಿದೆ. ಬಾಗಿಲು ತೆರೆದವನು ಎಂದಿನಂತೆ ಎರಡೂ ಕೈ ಅಗಲಿಸಿ ನಿಂತ.

"ಬನ್ನಿ ಬನ್ನಿ ಬಂದೂಕು ರಾಯರೇ! ನಮ್ ಹುಡುಗಿಗೆ ಯಾವುದು ಕೊಡಿಸ್ತೀರಿ?"

ನಾನು ಹಲ್ಲು ಕಿರಿಯಲಿಲ್ಲ. ಒಳಗೆ ಕಾಲಿಡುವ ಮುಂಚೆಯೇ ಅವನ ಕೈ ಹಿಡಿದು ತೋಟಾವನ್ನು ಅದರೊಳಗಿಟ್ಟೆ.