ಬೀರವ್ವ ಭುಜಕ್ಕೆ ಎಣ್ಣೆ ಹಚ್ಚಿಸಿಕೊಂಡದ್ದು

ಮಹಾಗಾಂವದ ಬೀರವ್ವ ಮದುವೆಯಾಗಿ ಇಚಲಕರಂಜಿಗೆ ಬಂದಮೇಲೆ ಮಗ್ಗದ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುವ ಕೆಲಸಕ್ಕೆ ಸೇರಿದಳು. ಗಂಡ ಮಲ್ಲಾರಿ ತಾಲೀಮಿನ ಗರಡಿಯಲ್ಲಿ ಕುಸ್ತಿ ಆಡುವವನು. ಪ್ರತಿ ಭಾನುವಾರ ಅವನ ಮೈಗೆ ಎಣ್ಣೆ ತಿಕ್ಕುವುದೂ ಅವಳದೇ ಕೆಲಸ. ೧೯೭೮ರ ಹೊತ್ತಿಗೆ ಅವಳ ಬಲಭುಜ ಎಷ್ಟು ಹಿಡಿದುಕೊಂಡಿತ್ತೆಂದರೆ, ತಲೆ ಬಾಚಿಕೊಳ್ಳಲೂ ಕೈ ಏಳುತ್ತಿರಲಿಲ್ಲ.

ಒಂದು ಭಾನುವಾರ ಅವಳು ಎಣ್ಣೆ ಬಿಸಿ ಮಾಡಿದಳು. ಆದರೆ ಗಂಡನ ಹತ್ತಿರ ಹೋಗದೆ ಅಂಗಳದಲ್ಲಿ ಚಾಪೆ ಹಾಸಿ ಕುಳಿತು, ನೆರೆಮನೆಯ ಬಾಳಕ್ಕನನ್ನು ಕರೆದು ತನ್ನ ಭುಜ ತಿಕ್ಕಲು ಹೇಳಿದಳು.

ಮಲ್ಲಾರಿ ರೇಗಿದ. "ಇದೇನ ನಾಟಕ? ನೀ ಏನ್ ಪೈಲ್ವಾನ ಆಗೀಯೇನ?"

"ನೀವು ದಿನಾ ಒಂದ್ ತಾಸು ಕುಸ್ತಿ ಹಿಡೀತೀರಿ. ನಾ ಎಂಟ್ ತಾಸು ನೂಲಿನ ಮಷೀನ್ ಕೂಡ ಕುಸ್ತಿ ಹಿಡೀತೇನ್ರಿ," ಎಂದಳು ಬೀರವ್ವ, ಕುಳಿತಲ್ಲಿಂದ ಏಳದೆ.

"ಮಂದಿ ನೋಡಾಕತ್ತಾರ, ಒಳಗ ನಡಿ."

"ನೋಡ್ಲಿ ಬಿಡ್ರಿ. ಬಾಳಕ್ಕ, ಇನ್ನಷ್ಟು ಒತ್ತಿ ತಿಕ್ಕು."

ಬಾಗಿಲಲ್ಲಿ ನಿಂತಿದ್ದ ಅತ್ತೆ ನಾಗೂಬಾಯಿ ಈಗ ಬೈಯುತ್ತಾಳೆಂದು ಎಲ್ಲರೂ ಕಾದರು. ಆಕೆ ಮೆಲ್ಲಗೆ ಬಂದು ಚಾಪೆಯ ತುದಿಗೆ ಕುಳಿತಳು.

"ಇಕಿದು ಮುಗದ ಮ್ಯಾಲ ನನ್ನ ಮೊಳಕಾಲಿಗೂ ಹಚ್ಚವ್ವಾ. ನಲವತ್ತ ವರ್ಷ ಆತು, ಯಾರೂ ಕೇಳಿಲ್ಲ."

ಮಲ್ಲಾರಿ ಅಂಗಿ ತೊಟ್ಟು ಹೊರನಡೆದ. ಅಂದಿನಿಂದ ಅವನು ತಾಲೀಮಿನ ಗೆಳೆಯರಿಂದಲೇ ಎಣ್ಣೆ ತಿಕ್ಕಿಸಿಕೊಂಡ. ಮುಂದಿನ ವಾರ ಅಂಗಳಕ್ಕೆ ಶೆಡ್ಡಿನ ಆರು ಹೆಂಗಸರು ಎಣ್ಣೆ ತಿಕ್ಕಿಸಿಕೊಳ್ಳಲು ಬಂದರು. ಬೀರವ್ವನ ಕೈ ಪೂರ್ತಿ ಮೇಲೇಳಲು ಮೂರು ತಿಂಗಳು ಹಿಡಿಯಿತು. ಒಂದು ಭಾನುವಾರವನ್ನೂ ಅವಳು ಬಿಟ್ಟುಕೊಡಲಿಲ್ಲ.