ಅಂಕಿ ಇಲ್ಲದ ವಾಚು

ಒಂದು ಕಾಲಕ್ಕೆ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಯಾರ ಮನೆಯ ಗಡಿಯಾರ ನಿಂತರೂ ಜನ ವೈಜನಾಥನ ಬಾಗಿಲಿಗೆ ಬಂದು ವೇಳೆ ಕೇಳಿಕೊಂಡು ಹೋಗುತ್ತಿದ್ದರು. ಮೊಬೈಲು ಬಂದ ಮೇಲೆ ಯಾರೂ ಬರುವುದಿಲ್ಲ ನಿಜ, ಆದರೂ ಆ ಹೆಸರು ಉಳಿದುಕೊಂಡಿತ್ತು. ಲಿಂಗಸುಗೂರು ಕಡೆಯ ಈ ಮನುಷ್ಯ ಮೂವತ್ನಾಲ್ಕು ವರ್ಷ ಪ್ಯಾಸೆಂಜರ್ ಗಾಡಿಗಳ ಗಾರ್ಡ್ ಆಗಿ ದುಡಿದವನು. ಸರ್ಕಾರ ಈಗ ಆ ಕೆಲಸಕ್ಕೆ ಟ್ರೈನ್ ಮ್ಯಾನೇಜರ್ ಎಂದು ಹೆಸರಿಟ್ಟಿದೆ. ಹೆಸರು ಹೊಸದಾದರೂ ಹಸಿರು ಬಾವುಟ ಹಳೆಯದೇ. ಗಾಡಿ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹೊರಟಿತೆಂದು ಅವನು ತನ್ನ ಪುಸ್ತಕದಲ್ಲಿ ಬರೆದರೆ ಮುಗಿಯಿತು, ಮೇಲಿನವರೂ ಎದುರಾಡುತ್ತಿರಲಿಲ್ಲ. ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಇಂಥವನ ತಲೆ ಕೆಡಿಸಲು ಒಂದು ವಾಚು ಸಾಕಾಯಿತು ನೋಡಿ.

ವಾಚು ಬಂದದ್ದು ಮಗಳು ಮಧುರಾಳ ನಿಶ್ಚಿತಾರ್ಥದ ದಿನ. ಮಿಯಾಪುರದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿರುವ ಮೈಸೂರಿನ ರವಿಶಂಕರ್ ಹುಡುಗನ ತಂದೆ. ಅವರು ಬೀಗರ ಕೈ ಹಿಡಿದು ತಾವೇ ಕಟ್ಟಿದರು. "ಬೀಗರೇ, ಇದನ್ನ ಬೀರುವಿನಲ್ಲಿ ಇಟ್ಟುಬಿಡಬೇಡಿ. ದಿನಾ ಕಟ್ಕೊಂಡು ನೋಡಿ, ಮದುವೆ ಹೊತ್ತಿಗೆ ಹೇಗಿದೆ ಅಂತ ಹೇಳಬೇಕು ನೀವು," ಎಂದರು. ಬಿಸ್ಕತ್ತಿನಷ್ಟು ತೆಳ್ಳಗಿನ ವಾಚು. ಬಿಳಿಯ ಮುಖ, ಎರಡೇ ಮುಳ್ಳು. ಬೆಲೆ ಎಷ್ಟೆಂದು ಮಧುರಾ ಮೊಬೈಲಿನಲ್ಲಿ ಹುಡುಕಿ, ಅಪ್ಪನಿಗೆ ಹೇಳದೆ ಸುಮ್ಮನಾದಳು.

ಮನೆಗೆ ಬಂದವನೇ ವೈಜನಾಥ ಕನ್ನಡಕ ಹಾಕಿ ತಿರುಗಿಸಿ ಮುರುಗಿಸಿ ನೋಡಿದ. "ಇದರಾಗ ಅಂಕಿನೇ ಇಲ್ಲಲ್ಲ! ಸೆಕೆಂಡಿನ ಮುಳ್ಳೂ ಇಲ್ಲ. ವ್ಯಾಳ್ಯಾ ಹೆಂಗ ನೋಡೂದು?"

"ದೊಡ್ಡವ್ರು ಹಂಗ ಕಟ್ಕೋತಾರಂತ್ರಿ," ಎಂದಳು ಹೆಂಡತಿ ಶೋಭಾ. "ಬೀಗರು ಮನಸ್ಸಿಟ್ಟು ಕೊಟ್ಟಾರ. ಬಿಚ್ಚಿ ಇಟ್ರಿ ಅಂದ್ರ ಏನಂತ ತಿಳ್ಕೋತಾರ?"

ವೈಜನಾಥನಿಗೆ ಗೊಂದಲ ಶುರುವಾದದ್ದು ಅಲ್ಲಿಂದ. ಕೈ ತೊಳೆಯುವಾಗ ಬಿಚ್ಚಬೇಕೋ ಬೇಡವೋ? ಅಂಗಿಯ ತೋಳಿನೊಳಗೆ ಮುಚ್ಚಿಡಬೇಕೋ, ಹೊರಗೆ ಕಾಣಬೇಕೋ? ದಿನಾ ಬೆಳಿಗ್ಗೆ ಕೀಲಿ ಕೊಡಬೇಕಂತೆ, ಎಷ್ಟು ಸುತ್ತು? ಜಾಸ್ತಿ ತಿರುಗಿಸಿದರೆ ಒಳಗಿನದೇನಾದರೂ ಮುರಿದೀತೆಂದು ಅಳುಕುತ್ತ ನಾಲ್ಕೈದು ಸುತ್ತಿಗೇ ಕೈಬಿಡುತ್ತಿದ್ದ. ಉಳ್ಳಾಗಡ್ಡಿ ಮಾರುವವಳು ಮಣಿಕಟ್ಟು ನೋಡಿ ಚೌಕಾಸಿಗೇ ಒಪ್ಪಲಿಲ್ಲ. ಅದೇ ವಾರ ನಾಂಪಲ್ಲಿಯ ಕಚೇರಿಯೊಂದರಲ್ಲಿ ಎಂದೂ ತಲೆಯೆತ್ತದ ಗುಮಾಸ್ತ ಎದ್ದು ಕುರ್ಚಿ ಕೊಟ್ಟ. ಮರ್ಯಾದೆ ತನಗೋ ವಾಚಿಗೋ ಅವನಿಗೆ ತಿಳಿಯಲಿಲ್ಲ.

ಮೊದಲೆರಡು ದಿನ ಕೆಲಸಕ್ಕೆ ಹೋಗುವಾಗ ದಪ್ಪ ಅಂಕಿಯ ಹಳೆಯ ವಾಚು ಜೇಬಿನಲ್ಲಿತ್ತು. ಮೂರನೆಯ ದಿನ ಒಬ್ಬ ಟಿಕೆಟ್ ಕಲೆಕ್ಟರ್ "ಏನ್ ವಾಚ್ ಗುರೂಜಿ!" ಎಂದು ಕೈಯನ್ನೇ ಹಿಡಿದುಕೊಂಡ. ಸುಳ್ಳೇಕೆ ಹೇಳಬೇಕು, ವೈಜನಾಥನಿಗೆ ಒಳಗೊಳಗೇ ಖುಷಿಯಾಯಿತು. ನಾಲ್ಕನೆಯ ದಿನ ಹಳೆಯದು ಮನೆಯಲ್ಲೇ ಉಳಿಯಿತು.

ಗಾಡಿ ಬಿಡುವ ಮುನ್ನ ಗಾರ್ಡೂ ಡ್ರೈವರೂ ವಾಚು ತಾಳೆ ನೋಡಬೇಕು. ಅದು ರೈಲಿನವರ ಸಂಧ್ಯಾವಂದನೆ, ತಪ್ಪಿಸುವಂತಿಲ್ಲ. ಅಂದಿನ ಡ್ರೈವರ್ ಸಾಯಿಕುಮಾರ, ಹೈದರಾಬಾದಿನ ಹುಡುಗ, ವೈಜನಾಥನ ಜೊತೆ ಓಡಾಡಿ ಹರಕುಮುರುಕು ಕನ್ನಡ ಕಲಿತವನು. ರಬ್ಬರ್ ಪಟ್ಟಿಯ ಅಗ್ಗದ ವಾಚಿನ ಕೈ ಚಾಚಿ, "ಅನ್ನಾ, ಟೈಮ್?" ಎಂದ. ಆ ಕೈಯ ಪಕ್ಕ ಈ ಕೈ ಚಾಚಲು ವೈಜನಾಥನಿಗೆ ನಾಚಿಕೆಯಾಯಿತು. ಅಂಗಿಯ ತೋಳು ಕೆಳಗೆಳೆದುಕೊಂಡು, "ಸರಿ ಐತಿ, ನಡಿ," ಎಂದುಬಿಟ್ಟ.

ದಾರಿಯ ಒಂದು ಸಣ್ಣ ಸ್ಟೇಷನ್ನಿನಿಂದ ಒಂಬತ್ತು ಹದಿನಾಲ್ಕಕ್ಕೆ ಗಾಡಿ ಹೊರಡಬೇಕಿತ್ತು. ಮುಳ್ಳು ಅಲ್ಲಿಗೆ ಬಂದಿತೆನಿಸಿದಾಗ ವೈಜನಾಥ ಬಾವುಟ ತೋರಿಸಿ, ಹದಿನಾಲ್ಕು ಎಂದೇ ಬರೆದ. ಆದರೆ ಸಿಗ್ನಲ್ಲಿನ ಯಂತ್ರದ ದಾಖಲೆಯಲ್ಲಿ ಗಾಡಿ ಕದಲಿದ್ದು ಹದಿನೇಳಕ್ಕೆ. ಮೂರು ನಿಮಿಷ ಕಳೆದವರು ಯಾರು? ಗಾರ್ಡ್ ಪುಸ್ತಕದ ಪ್ರಕಾರ, ಬಾವುಟ ಕಂಡೂ ಸುಮ್ಮನೆ ಕೂತ ಸಾಯಿಕುಮಾರ. ಎಕ್ಸ್‌ಪ್ರೆಸ್ ಗಾಡಿಗೆ ಬಡ್ತಿಯ ಪಟ್ಟಿಯಲ್ಲಿ ಅವನ ಹೆಸರಿತ್ತು. ಈ ತಪ್ಪು ಅಂಟಿದರೆ ಹೆಸರು ಹೋದಂತೆಯೇ.

ಸಂಜೆ ಅವನು ಮನೆಗೇ ಬಂದ. ಚಹಾ ಮುಟ್ಟಲಿಲ್ಲ. "ಅನ್ನಾ, ನೀವು ಜೆಂಡಾ ತೋರಿಸಿದ ಕೂಡ್ಲೆ ಬಿಟ್ಟೀನಿ ನಾ. ನಿಮ್ಮ ಬುಕ್ಕಲ್ಲಿ ಹಂಗಿಲ್ಲ. ನಿಮ್ಮ ಬುಕ್ ಸುಳ್ಳಂತ ಯಾರಿಗೆ ಹೇಳ್ಲಿ?"

ಅವನು ಹೋದ ಮೇಲೆ ವೈಜನಾಥ ಟಿವಿಯ ಮೂಲೆಯ ಸಮಯದ ಪಕ್ಕ ವಾಚು ಹಿಡಿದು ಕೂತ. ಒಮ್ಮೆ ಎರಡು ನಿಮಿಷ ಹಿಂದಿದೆ ಅನಿಸಿತು. ತಲೆ ಓರೆ ಮಾಡಿದರೆ ಸರಿಯಿದೆ ಅನಿಸಿತು. ಗೆರೆಯೂ ಇಲ್ಲದ ಮುಖದಲ್ಲಿ ಏನೆಂದು ಎಣಿಸುವುದು? ಅಂದು ವಾಚು ಹಿಂದೆ ಬಿದ್ದಿತ್ತೋ, ತನ್ನ ಕಣ್ಣೇ ಮೋಸ ಹೋಯಿತೋ, ಹುಡುಗನೇ ಸುಳ್ಳಾಡುತ್ತಿದ್ದಾನೋ, ಒಂದೂ ಬಗೆಹರಿಯಲಿಲ್ಲ. ಶೋಭಾ ಊಟಕ್ಕೆ ಮೂರು ಸಲ ಕರೆದಳು.

ವಿಚಾರಣೆಗೆ ಕೂತ ಅಧಿಕಾರಿ ನರಹರಿ, ಗದಗಿನವರು. "ನನ್ನ ವಾಚು ತಪ್ಪು ತೋರಿಸಿರಬೇಕ್ರಿ ಸಾಹೇಬ್ರ," ಎಂದು ವೈಜನಾಥ ವಾಚು ಬಿಚ್ಚಿ ಮೇಜಿನ ಮೇಲಿಟ್ಟ. ನರಹರಿ ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡಿದರು. ಅವರ ದನಿಯೇ ಬದಲಾಯಿತು.

"ಇಂಥಾ ವಾಚು ಮೂರು ನಿಮಿಷ ಹಿಂದ ಬೀಳ್ತೈತೇನ್ರಿ? ಭಾಳ ಛಲೋ ಕಂಪನಿದು. ಹುಡುಗನ್ನ ಉಳಿಸಾಕ ಹಿಂಗ ಹೇಳಾಕತ್ತೀರಿ ನೀವು. ನಿಮ್ಮ ಪುಸ್ತಕಾನೂ ಸರಿ ಐತಿ, ವಾಚೂ ಸರಿ ಐತಿ. ಸಹಿ ಮಾಡಿ ಹೋಗ್ರಿ."

ವೈಜನಾಥ ದಂಗಾದ. ನಿಜ ಹೇಳಲು ಬಂದರೆ ಬೀಗರ ವಾಚೇ ತನ್ನ ವಿರುದ್ಧ ಸಾಕ್ಷಿ ನುಡಿಯುತ್ತಿದೆ! ಸಹಿ ಮಾಡಿದರೆ ತನಗೇನೂ ನಷ್ಟವಿಲ್ಲ; ನಾಲ್ಕು ತಿಂಗಳಿಗೆ ಹಾರ ಹಾಕಿಸಿಕೊಂಡು ಮನೆಗೆ. ಹೊರಗಿನ ಬೆಂಚಿನಲ್ಲಿ ಸಾಯಿಕುಮಾರ ಕೂತಿದ್ದ. ಅಂದು ವಾಚು ಹಿಂದೆ ಬಿದ್ದಿತ್ತೋ ಇಲ್ಲವೋ ವೈಜನಾಥನಿಗಿನ್ನೂ ತಿಳಿದಿರಲಿಲ್ಲ, ಆದರೆ ತಾಳೆ ನೋಡದೆ ಅಂಗಿಯ ತೋಳು ಕೆಳಗೆಳೆದುಕೊಂಡದ್ದು ಸರಿಯಾಗಿ ನೆನಪಿತ್ತು. ಪೆನ್ನು ತೆಗೆದುಕೊಂಡು ಬರೆದ: "ಬಾವುಟ ತೋರಿಸಿದ ಸಮಯ ನನಗೆ ಗೊತ್ತಿಲ್ಲ. ಆ ದಿನ ಡ್ರೈವರ್ ಕೇಳಿದರೂ ನಾನು ವಾಚು ತಾಳೆ ನೋಡಲಿಲ್ಲ. ತಪ್ಪು ನನ್ನದು."

ನರಹರಿ ಎರಡು ಸಲ ಓದಿದರು. "ಇದನ್ನ ತಗೊಂಡ್ರ ಹುಡುಗನ ಮ್ಯಾಲಿನ ಮಾತು ಮುಗೀತು. ಆದ್ರ ನಿಮ್ಮ ಸರ್ವಿಸ್ ಪುಸ್ತಕದಾಗ ಬರೀಬೇಕಾಗ್ತೈತಿ. ಗಾರ್ಡ್ ಆದಾವ್ರು ಟೈಮ್ ಗೊತ್ತಿಲ್ಲ ಅಂತ ಬರದ್ರ ಹೆಂಗ್ರಿ? ಮೂವತ್ನಾಲ್ಕು ವರ್ಷದಾಗ ಒಂದು ಕಪ್ಪು ಚುಕ್ಕಿ ಇಲ್ಲ ನಿಮಗ."

"ಬರೀರಿ ಸಾಹೇಬ್ರ," ಎಂದ ವೈಜನಾಥ. "ಸಹಿ ಪಕ್ಕ ಇವತ್ತಿನ ವ್ಯಾಳ್ಯಾ ಮಾತ್ರ ನಿಮ್ಮ ಗ್ವಾಡಿ ಮ್ಯಾಲಿನ ಗಡಿಯಾರ ನೋಡಿ ಹಾಕ್ರಿ."