ಜ್ವರಕ್ಕೆ ಕೂತ ಕಾರ್ಡು

ಮೇಲೂರಿನ ನಮ್ಮತ್ತೆ ಓಬಳಮ್ಮ ಈ ಮನೆಗೆ ಸೊಸೆಯಾಗಿ ಬಂದಾಗಿಂದ ರೇಷ್ಮೆ ಹುಳ ಸಾಕಿದವರು. ಈಗ ಲ್ಯಾಪ್‌ಟಾಪ್ ಮುಂದೆ ಕೂತು ಬೇರೆ ಊರಿನ ಹೆಂಗಸರಿಗೂ ಹುಳ ಸಾಕೋದು ಹೇಳಿಕೊಡ್ತಾರೆ. ಅದಕ್ಕೆ ಸಿಕ್ಕಿಸೋ ಹಾಳು ನೆಟ್ ಕಾರ್ಡು ಮಾತಿನ ಮಧ್ಯೆಯೇ ನಿಂತುಹೋಗುತ್ತೆ. ಮೊನ್ನೆಯೂ ನಿಂತಾಗ ಅತ್ತೆ ರೇಗಿ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರು.

"ಜ್ವರಕ್ಕೆ ಕೂತ್ಬಿಟ್ಟೈತೆ ಕಣಮ್ಮ, ಅಲ್ಲಾಡೋದೇ ಇಲ್ಲ!"

ಹುಳ ಮೇವು ಬಿಟ್ಟು, ಪೊರೆ ಕಳಚೋಕೆ ಮಿಸುಕದೆ ಕೂತರೆ ನಮ್ಮ ಕಡೆ ಜ್ವರಕ್ಕೆ ಕೂತಿದೆ ಅಂತೀವಿ. ಫೋನ್ ಎತ್ತಿದ ಹುಡುಗಿಗೆ ಅದೆಲ್ಲಿ ಗೊತ್ತು?

"ಡಾಕ್ಟರಿಗೆ ತೋರಿಸಿ ಮೇಡಂ, ಹುಷಾರಾದ ಮೇಲೆ ಫೋನ್ ಮಾಡಿ" ಅಂದಳು. ಹಿಂದೆಯೇ ಮೆಸೇಜ್ ಬಂತು: "ನಿಮ್ಮ ದೂರು ಪರಿಹಾರವಾಗಿದೆ."

ನನಗೇ ಮೈ ಉರಿದುಹೋಯ್ತು. ಓದಿ ಹೇಳಿದ್ದೇ ತಡ, ಅತ್ತೆ ಮತ್ತೆ ಫೋನ್ ಮಾಡಿದರು. ಆ ಕಡೆ ಎತ್ತಿದವರು ಯಾರು ಅಂತಲೂ ಕೇಳಲಿಲ್ಲ.

"ನಮ್ಮ ಹುಳ ಜ್ವರದಿಂದ ಎದ್ದರೆ ಸೊಪ್ಪು ತಿಂದು ಗೂಡು ಕಟ್ತವೆ. ನಿಮ್ಮ ಕಾರ್ಡು ಎದ್ದರೆ ರೀಚಾರ್ಜ್ ತಿಂದು ಮತ್ತೆ ಜ್ವರಕ್ಕೆ ಕೂರ್ತದೆ. ತಿಂದೂ ತಿಂದೂ ಗೂಡು ಕಟ್ಟದ ಹುಳಾನ ನಾವೇನು ಮಾಡ್ತೀವಿ ಗೊತ್ತೇನಮ್ಮ? ಆರಿಸಿ ಗುಂಡೀಲಿ ಹೂತುಬಿಡ್ತೀವಿ!"